ಎರಕದ ಗುಂಡಿಗೆ ತಾಮ್ರದ ಬಣ್ಣ ಬರಲಿ ಅಂದರೆ ಸುಟ್ಟ ಬೆಲ್ಲದ ಬಣ್ಣ ಬರುತ್ತಿದೆ. ಎಲ್ಲಿ ತಪ್ಪಿದೆ?

ಗ್ಯಾರೇಜ್‌ಗೌಡ, ಹ್ಯೂಸ್ಟನ್ ಹತ್ತಿರ, ಟೆಕ್ಸಸ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಮನೆಯಲ್ಲೇ ಸೀಸ ಕರಗಿಸಿ ಪಿಸ್ತೂಲಿನ ಗುಂಡು ಎರಕ ಹೊಯ್ಯುವವರು ಎಷ್ಟು ಜನ ಇದ್ದೀರೋ ಗೊತ್ತಿಲ್ಲ. ಹಳೇ ಪೋಸ್ಟ್‌ಗಳಲ್ಲಿ ಒಬ್ಬಿಬ್ಬರು ಕಂಡರು, ಅದೇ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಾನು ಹಾಸನದ ಕಡೆಯವನು. ಅಮೆರಿಕಕ್ಕೆ ಬಂದು 19 ವರ್ಷ ಆಯಿತು. ಸಿಟಿಜನ್ ಆದಮೇಲೆ ಒಂದು 9 ಎಂ.ಎಂ. ಪಿಸ್ತೂಲು ತಗೊಂಡೆ. ತಿಂಗಳಿಗೆ ಎರಡು ಶನಿವಾರ ಪೇಪರ್ ಗುರಿಗೆ ಹೊಡೆಯುವುದು, ಅಷ್ಟೇ ನನ್ನ ಶೋಕಿ. ಅಂಗಡಿ ಗುಂಡಿನ ಬೆಲೆ ನೋಡಿ ನೋಡಿ ಸಾಕಾಗಿ, ಮೂರು ವರ್ಷದ ಹಿಂದೆ ಎರಕ ಶುರು ಮಾಡಿದೆ. ಲೀ ಕಂಪನಿಯ ಆರು ಗೂಡಿನ ಅಲ್ಯೂಮಿನಿಯಂ ಅಚ್ಚು, ಗುಂಡಿನ ತೂಕ 124 ಗ್ರೇನ್ (ಸುಮಾರು 8 ಗ್ರಾಂ), ಮೂತಿ ಗುಂಡಗಿರುವುದು. ಸೀಸ ಸಿಗುವುದು ಟೈರ್ ಅಂಗಡಿಯ ಹಳೇ ವೀಲ್ ವೇಟ್‌ನಿಂದ, ಅಂದರೆ ಚಕ್ರದ ಬ್ಯಾಲೆನ್ಸ್‌ಗೆ ಹಾಕುವ ತೂಕದ ತುಂಡಿನಿಂದ. ಬಕೆಟ್ ತಂದು ಸುರಿದರೆ ಈಗೆಲ್ಲಾ ಅರ್ಧಕ್ಕರ್ಧ ಕಬ್ಬಿಣ ಮತ್ತು ಜಿಂಕ್. ಒಂದೊಂದನ್ನೂ ಕಟಿಂಗ್ ಪ್ಲೈಯರ್‌ನಲ್ಲಿ ಕಚ್ಚಿ, ಮೆತ್ತಗಿರುವುದನ್ನು ಮಾತ್ರ ಇಟ್ಟುಕೊಳ್ಳುತ್ತೇನೆ.

ಬ್ಯಾರಲ್ (ನಳಿಗೆ) ಒಳಗೆ ಸೀಸ ಮೆತ್ತದಿರಲಿ ಅಂತ ಮೊದಲು ಗುಂಡಿಗೆ ಮೇಣದ ಲೂಬ್ ಹಚ್ಚುತ್ತಿದ್ದೆ. ಕೈಯೆಲ್ಲಾ ಅಂಟು, ಹೊಡೆದರೆ ಹೊಗೆ. ಆಮೇಲೆ ಪೌಡರ್ ಕೋಟಿಂಗ್‌ಗೆ ಬಂದೆ. ಅದೇ, ಗುಂಡನ್ನು ಬಣ್ಣದ ಪ್ಲಾಸ್ಟಿಕ್ ಪುಡಿಯ ಜೊತೆ ಡಬ್ಬಿಯಲ್ಲಿ ಹಾಕಿ ಅಲ್ಲಾಡಿಸಿ ಓವನ್‌ನಲ್ಲಿ ಬೇಯಿಸುವುದು. ನಮ್ಮ ಮನೆಯಲ್ಲಿ ಮೊಸರಿನ ಡಬ್ಬಿಗೆ ಬರವಿಲ್ಲ ನೋಡಿ. ತಳದಲ್ಲಿ ತ್ರಿಕೋನದೊಳಗೆ 5 ಅಂತ ಇರುವ ಡಬ್ಬಿಯೇ ಬೇಕು, ಅದು ಪಾಲಿಪ್ರೊಪಿಲಿನ್, ಪುಡಿಯನ್ನು ಗುಂಡಿಗೆ ಅಂಟಿಸುವ ಸ್ಟ್ಯಾಟಿಕ್ (ಸ್ಥಿರ ವಿದ್ಯುತ್) ಚೆನ್ನಾಗಿ ಏಳುತ್ತದೆ. ಅದರಲ್ಲಿ ಎರಡು ಹಿಡಿ ಏರ್‌ಸಾಫ್ಟ್ ಆಟಿಕೆ ಬಂದೂಕಿನ ಕಪ್ಪು ಪ್ಲಾಸ್ಟಿಕ್ ಗೋಲಿ, ಒಂದು ಚಮಚ ಪುಡಿ, ಐವತ್ತು ಗುಂಡು. ಒಂದು ನಿಮಿಷ ಗುಂಡಗೆ ತಿರುಗಿಸುತ್ತೇನೆ, ಭತ್ತ ಕೇರುವ ಹಾಗೆ.

ಕೆಂಪು ಪುಡಿಯಲ್ಲಿ ಎರಡು ವರ್ಷ ಯಾವ ತಕರಾರೂ ಇರಲಿಲ್ಲ. ಆದರೆ ರೇಂಜ್‌ನಲ್ಲಿ (ಗುರಿ ಹೊಡೆಯುವ ಜಾಗದಲ್ಲಿ) ಪಕ್ಕದ ಲೇನ್‌ನವನು ನನ್ನ ಡಬ್ಬಿ ನೋಡಿ "ಲಿಪ್‌ಸ್ಟಿಕ್ ಮಾರ್ತೀಯಾ?" ಅಂದ. ನನ್ನ ಹೆಂಡತಿಗೆ ಅದು ಕುಂಕುಮದ ಭರಣಿ ಹಾಗೆ ಕಾಣುತ್ತದಂತೆ. ಅದಕ್ಕೇ ತಾಮ್ರದ ಬಣ್ಣ ಮಾಡೋಣ, ನೋಡಲು ಅಂಗಡಿ ಗುಂಡಿನ ಹಾಗಿರಲಿ ಅಂತ ಆಸೆಯಾಯಿತು. ಆನ್‌ಲೈನ್‌ನಲ್ಲಿ ಒಬ್ಬರಿಂದ ಅರ್ಧ ಪೌಂಡ್ "ಕಾಪರ್" ಪುಡಿ ತರಿಸಿದೆ. ಫೋಟೋದಲ್ಲಿ ಹೊಸ ಪೆನ್ನಿ ನಾಣ್ಯದ ಹಾಗೆ ಫಳಫಳ. ಚೀಟಿ ಇಲ್ಲ, ಎಷ್ಟು ಶಾಖ, ಎಷ್ಟು ಹೊತ್ತು, ಏನೂ ಬರೆದಿಲ್ಲ. ಕೇಳಿದರೆ ಉತ್ತರವೂ ಬರಲಿಲ್ಲ.

ಈಗ ಆಗುತ್ತಿರುವುದು ಇದು. ಮೊದಲ ಐವತ್ತು ಪರವಾಗಿಲ್ಲ ಅನ್ನುವ ಹಾಗೆ ಬಂತು. ಅದೇ ಡಬ್ಬಿಯಲ್ಲಿ ಎರಡನೇ ಐವತ್ತು ಮಂಕು. ಮೂರನೆಯದು ಸುಟ್ಟ ಬೆಲ್ಲದ ಪಾಕ. ಒಂದು ಮಗ್ಗುಲು ಕಂದು, ಇನ್ನೊಂದು ಮಗ್ಗುಲಲ್ಲಿ ಬೂದು ಸೀಸ ಇಣುಕುತ್ತದೆ. ಮಿಂಚಿನ ಪುಡಿಯೆಲ್ಲಾ ಡಬ್ಬಿಯ ತಳದಲ್ಲೇ ಕೂತಿದೆ. ಅಸಿಟೋನ್ ಬಟ್ಟೆಯಲ್ಲಿ ಉಜ್ಜಿದರೆ ಬಟ್ಟೆ ಕಂದಾಗುತ್ತದೆ. ಇನ್ನೂ ಬೇಯಲಿ ಅಂತ 40 ನಿಮಿಷ ಇಟ್ಟೆ. ಹಿಂದಿನ ಸಾಲಿನ ಎರಡು ಗುಂಡು ಸೊಂಟ ಮುರಿದುಕೊಂಡು ಕೂತವು.

ಓವನ್ ಹಳೇ ಟೋಸ್ಟರ್ ಓವನ್, ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ 12 ಡಾಲರ್. ಡಯಲ್ 400 ಫ್ಯಾರನ್‌ಹೀಟ್‌ಗೆ ಇಟ್ಟಿದ್ದೇನೆ. ಜಾಗ ಗ್ಯಾರೇಜ್, ತಿಂಗಳು ಆಗಸ್ಟ್. ಹ್ಯೂಸ್ಟನ್ ಆಗಸ್ಟ್ ಗೊತ್ತಿದ್ದವರಿಗೆ ಬೇರೆ ಹೇಳಬೇಕಾಗಿಲ್ಲ.

---

ಒಣಗಾಳಿ, ಟೂಸಾನ್, ಅರಿಜೋನಾ

ಗೌಡ್ರೇ, ಅರ್ಧ ಉತ್ತರ ನಿಮ್ಮ ಕೊನೇ ಸಾಲಿನಲ್ಲೇ ಇದೆ. ಗಾಳಿಯಲ್ಲಿ ನೀರಿದ್ದರೆ ಡಬ್ಬಿಯಲ್ಲಿ ಸ್ಟ್ಯಾಟಿಕ್ ನಿಲ್ಲುವುದಿಲ್ಲ. ನಮ್ಮಲ್ಲಿ ಮೇ ತಿಂಗಳಲ್ಲಿ ಡಬ್ಬಿ ಮುಟ್ಟಿದರೆ ಕೂದಲು ಎದ್ದು ನಿಲ್ಲುತ್ತದೆ, ಪುಡಿ ಬೇಡ ಅಂದರೂ ಅಂಟುತ್ತದೆ. ಜುಲೈಯಲ್ಲಿ ಮಾನ್ಸೂನ್ ಬಂತೋ, ಅದೇ ಪುಡಿ, ಅದೇ ಕೈ, ಆದರೆ ಗುಂಡು ಬೋಳು. ಹೌದು, ಇಲ್ಲೂ ಮಾನ್ಸೂನ್ ಅಂತಲೇ ಅನ್ನುತ್ತಾರೆ. ನೀವು ಬೆಳಗ್ಗೆ ಬಿಟ್ಟು, ಮಧ್ಯಾಹ್ನ ಗಾಳಿ ಸ್ವಲ್ಪ ಒಣಗಿದ ಮೇಲೆ ಮಾಡಿ ನೋಡಿ. ಗುಂಡನ್ನು ಮೊದಲೇ ಕೈಗೆ ಬೆಚ್ಚಗೆ ತಾಕುವಷ್ಟು ಕಾಯಿಸಿಕೊಂಡರೆ ಮೇಲಿನ ತೇವ ಹೋಗುತ್ತದೆ. ಮತ್ತೆ, ಬರಿಗೈಯಲ್ಲಿ ಮುಟ್ಟಲೇಬೇಡಿ. ಬೆರಳಿನ ಎಣ್ಣೆ ತಾಗಿದ ಕಡೆ ಪುಡಿ ಕೂರುವುದಿಲ್ಲ.

ಇನ್ನರ್ಧ ಓವನ್. ಆ ಡಯಲ್ ನಂಬಬೇಡಿ. ಏಳೆಂಟು ಡಾಲರ್‌ಗೆ ಒಂದು ಓವನ್ ಥರ್ಮಾಮೀಟರ್ ಸಿಗುತ್ತದೆ, ಗುಂಡಿನ ಪಕ್ಕದಲ್ಲೇ ಇಡಿ. ಅಸಿಟೋನ್‌ನಲ್ಲಿ ಬಣ್ಣ ಬಿಟ್ಟಿತು ಅಂದರೆ ಬೆಂದಿಲ್ಲ ಅಂತಲೇ. ಇನ್ನೊಂದು ಪರೀಕ್ಷೆ ಸುತ್ತಿಗೆಯದು: ಒಂದು ಗುಂಡನ್ನು ಅಡಿಗಲ್ಲಿನ ಮೇಲಿಟ್ಟು ಚಪಾತಿ ಮಾಡಿ. ಲೇಪ ಸೀಸದ ಜೊತೆ ಹಿಗ್ಗಬೇಕು. ಚಕ್ಕೆ ಎದ್ದರೆ ಆ ಬ್ಯಾಚ್ ಹೊಡೆಯಬೇಡಿ, ವಾಪಸ್ ಕರಗಿಸಿ. ಹಾಗೇ ಹೊಡೆದರೆ ಬ್ಯಾರಲ್ ಒಳಗೆ ಸೀಸ ಮೆತ್ತಿಕೊಂಡು ಆಮೇಲೆ ಎರಡು ಸಂಜೆ ಕೆರೆಯುತ್ತಾ ಕೂರಬೇಕು. ನಾನು ಕೂತಿದ್ದೇನೆ.

ಅಳತೆ ನೋಡುತ್ತಿದ್ದೀರಾ? ಲೇಪ ಅಂದರೆ ವ್ಯಾಸಕ್ಕೆ ಇಂಚಿನ ಸಾವಿರದ ಒಂದೆರಡು ಭಾಗ ಸೇರುತ್ತದೆ. ಎರಡು ಕೋಟ್ ಹೊಡೆದರೆ ಇನ್ನೂ ಜಾಸ್ತಿ. ಕೋಟಿಂಗ್ ಆದಮೇಲೆ ಸೈಜಿಂಗ್, ಅಂದರೆ ಗುಂಡನ್ನು ಡೈಯ ತೂತಿನಲ್ಲಿ ತಳ್ಳಿ ಸರಿ ಅಳತೆಗೆ ತರುವುದು, ಅದರ ಹಿಂದು ಮುಂದಲ್ಲ.

---

ಕಾಫಿತೋಟ, ವಿರಾಜಪೇಟೆ

ಓದಿ ಬಾಯಲ್ಲಿ ನೀರೂರಿತು. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಕೋವಿ ಇದೆ. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್‌ಗೆ ಹೂ ಇಟ್ಟು ಪೂಜೆ ಮಾಡುತ್ತೇವೆ. ಕೊಡವರಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ವಾ, ಹಾಗಿದ್ದರೆ ಇಲ್ಲಿ ಮನೆಯಲ್ಲೇ ಇದನ್ನೆಲ್ಲಾ ಮಾಡಬಹುದಾ?

---

ಒಣಗಾಳಿ

ಬೇಡ ಮಾರಾಯ್ರೇ. ನಿಮಗಿರುವ ವಿನಾಯಿತಿ 1959ರ ಆಯುಧ ಕಾಯ್ದೆಯ 3 ಮತ್ತು 4ನೇ ಸೆಕ್ಷನ್‌ಗೆ, ಅಂದರೆ ಕೋವಿ ಇಟ್ಟುಕೊಳ್ಳುವುದಕ್ಕೆ, ಹಿಡಿದು ಓಡಾಡುವುದಕ್ಕೆ. 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿದರು. ಮದ್ದುಗುಂಡು ತಯಾರಿಸುವುದು 5ನೇ ಸೆಕ್ಷನ್, ಅದಕ್ಕೆ ಬೇರೆ ಲೈಸೆನ್ಸೇ ಬೇಕು. ಇಲ್ಲಿ ಅಮೆರಿಕದಲ್ಲಿ ಸ್ವಂತಕ್ಕೆ ಮಾಡಿಕೊಳ್ಳಲು ಫೆಡರಲ್ ಲೈಸೆನ್ಸ್ ಕೇಳುವುದಿಲ್ಲ, ಮಾರಿದರೆ ಮಾತ್ರ ಬೇಕು. ಆ ಕಾನೂನನ್ನು ವಿರಾಜಪೇಟೆಗೆ ತಗೊಂಡು ಹೋಗಲು ಆಗುವುದಿಲ್ಲ.

ಹಾಗೇ ಇಲ್ಲಿನ ಹುಡುಗರಿಗೂ ಒಂದು ಮಾತು. ಎಚ್‌1ಬಿ ವೀಸಾದಲ್ಲಿ ಇರುವವರು ಗೌಡ್ರನ್ನು ನೋಡಿ ಶುರು ಹಚ್ಚಿಕೊಳ್ಳಬೇಡಿ. ಆ ವೀಸಾದವರು ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ, ಗುಂಡೂ ಇಟ್ಟುಕೊಳ್ಳುವ ಹಾಗಿಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ, ಹೀಗೆ ಕೆಲವರಿಗೆ ಮಾತ್ರ ವಿನಾಯಿತಿ. ವಕೀಲರನ್ನು ಕೇಳದೆ ಕೈ ಹಾಕಬೇಡಿ, ಗ್ರೀನ್ ಕಾರ್ಡ್ ಕೈಗೆ ಬರುವ ಹೊತ್ತಿಗೆ ತಲೆನೋವು.

---

ಪುಡಿಭಟ್ಟ, ಪೀಣ್ಯ, ಬೆಂಗಳೂರು

ನಾನು ಗುಂಡು ಹೊಡೆದವನಲ್ಲ. ಹೊಡೆದದ್ದೆಲ್ಲಾ ಪುಡಿ. ಪೀಣ್ಯ ಎರಡನೇ ಹಂತದಲ್ಲಿ ಪೌಡರ್ ಕೋಟಿಂಗ್ ಜಾಬ್ ಶಾಪ್‌ನಲ್ಲಿ 22 ವರ್ಷ. ಸ್ವಿಚ್‌ಬೋರ್ಡ್ ಪೆಟ್ಟಿಗೆ, ಗೇಟು, ಜಿಮ್ ಸಾಮಾನು, ಒಂದು ಸಲ ದೇವಸ್ಥಾನದ ಹುಂಡಿ ಕೂಡ ಮಾಡಿದ್ದೇವೆ. ನೀವು ಬರೆದದ್ದು ಓದಿದ ಕೂಡಲೇ ಗೊತ್ತಾಯಿತು. ಇದು ಬರೀ ತೇವದ ಕಥೆಯಲ್ಲ.

ಮಾಮೂಲಿ ಪುಡಿ ಹೇಗೆ ಮಾಡುತ್ತಾರೆ ಅಂದರೆ, ರೆಸಿನ್ (ಕರಗಿ ಲೇಪವಾಗುವ ಪ್ಲಾಸ್ಟಿಕ್ ರಾಳ), ಗಟ್ಟಿಯಾಗಿಸುವ ವಸ್ತು, ಬಣ್ಣ ಎಲ್ಲಾ ಸೇರಿಸಿ ಕರಗಿಸಿ, ಹಪ್ಪಳದ ಹಾಗೆ ತಟ್ಟಿ, ಆರಿಸಿ, ಪುಡಿ ಮಾಡುತ್ತಾರೆ. ನಿಮ್ಮ ಕೆಂಪು ಅಂಥದ್ದು. ಒಂದೊಂದು ಕಣದಲ್ಲೂ ಎಲ್ಲಾ ಇದೆ. ತಾಮ್ರದ ಮಿಂಚು ಹಾಗೆ ಮಾಡಲು ಬರುವುದಿಲ್ಲ. ಮಿಂಚು ಕೊಡುವುದು ಲೋಹದ ಅಥವಾ ಮೈಕಾದ ಸಣ್ಣ ಚಕ್ಕೆ. ಅದನ್ನು ಮಿಲ್‌ಗೆ ಹಾಕಿದರೆ ಚಕ್ಕೆ ಮುರಿದು ಮಿಂಚೇ ಸತ್ತು ಹೋಗುತ್ತದೆ. ಅದಕ್ಕೇ ಆಮೇಲೆ ಸೇರಿಸುತ್ತಾರೆ. ಸೇರಿಸಲು ಎರಡು ದಾರಿ. ಸುಮ್ನೆ ಕಲಸಿ ಕೊಡುವುದು ಡ್ರೈ ಬ್ಲೆಂಡ್, ಅಗ್ಗ. ಹದವಾಗಿ ಬಿಸಿ ಮಾಡಿ ಚಕ್ಕೆಯನ್ನು ಪುಡಿಯ ಕಣಕ್ಕೆ ಅಂಟಿಸಿ ಕೊಡುವುದು ಬಾಂಡೆಡ್, ದುಬಾರಿ.

ನಿಮಗೆ ಬಂದಿರುವುದು ಡ್ರೈ ಬ್ಲೆಂಡ್, ನನಗಂತೂ ಅನುಮಾನವಿಲ್ಲ. ಅವಲಕ್ಕಿಗೆ ಹುರಿಗಡಲೆ ಹಾಕಿ ಡಬ್ಬಿ ಕುಲುಕಿದರೆ ಏನಾಗುತ್ತದೆ? ಹುರಿಗಡಲೆ ಕೆಳಗೆ ಹೋಗಿ ಕೂರುತ್ತದೆ. ಅದೇ ಇಲ್ಲೂ ಆಗಿದೆ. ಚಕ್ಕೆಗೂ ರೆಸಿನ್‌ಗೂ ಚಾರ್ಜ್ ಒಂದೇ ತರ ಏರುವುದಿಲ್ಲ. ಒಂದು ಜಾಸ್ತಿ ಅಂಟಿ ಖರ್ಚಾಗುತ್ತದೆ, ಇನ್ನೊಂದು ತಳದಲ್ಲಿ ಉಳಿಯುತ್ತದೆ. ಹಾಗಾಗಿ ಮೊದಲ ಐವತ್ತಕ್ಕೂ ಮೂರನೇ ಐವತ್ತಕ್ಕೂ ಬಣ್ಣ ಬೇರೆ. ನಮ್ಮ ಬೂತ್‌ನಲ್ಲಿ ಕೆಳಗೆ ಬಿದ್ದ ಮಾಮೂಲಿ ಪುಡಿಯನ್ನು ಜರಡಿ ಹಿಡಿದು ವಾಪಸ್ ಬಳಸುತ್ತೇವೆ. ಮೆಟಾಲಿಕ್ ಪುಡಿಯನ್ನು ಹಾಗೆ ಬಳಸುವುದಿಲ್ಲ. ಒಂದು ಸಲ ಹೊಸ ಹುಡುಗನೊಬ್ಬ ಬಳಸಿಬಿಟ್ಟ. ಒಂದೇ ಆರ್ಡರ್‌ನ ಅರವತ್ತು ಕುರ್ಚಿಯಲ್ಲಿ ಮೂವತ್ತು ಬೆಳ್ಳಿ, ಮೂವತ್ತು ಬೂದಿ.

ಇನ್ನೊಂದು ವಿಷಯ. ನಿಮ್ಮ ಮೊಸರು ಡಬ್ಬಿ ಕೆಲಸ ಮಾಡುವುದು ಉಜ್ಜಾಟದ ಸ್ಟ್ಯಾಟಿಕ್‌ನಲ್ಲಿ. ನಮ್ಮಲ್ಲೂ ಪುಡಿ ಸಿಂಪಡಿಸುವ ಅಂಥ ಗನ್ ಇದೆ, ಟ್ರೈಬೊ ಗನ್ ಅನ್ನುತ್ತೇವೆ. ಒಳಗೆ ಟೆಫ್ಲಾನ್ ಕೊಳವೆ, ಪುಡಿ ಅದಕ್ಕೆ ಉಜ್ಜಿಕೊಂಡು ಚಾರ್ಜ್ ಆಗುತ್ತದೆ. ಆ ಗನ್‌ನಲ್ಲಿ ಮೆಟಾಲಿಕ್ ಹೊಡೆಯಬೇಡಿ ಅಂತಲೇ ಪುಡಿ ಕಂಪನಿಯವರು ಹೇಳುವುದು, ಸರಿಯಾಗಿ ಚಾರ್ಜ್ ಆಗುವುದಿಲ್ಲ. ಮೆಟಾಲಿಕ್‌ಗೆ ಕರೆಂಟ್ ಕೊಡುವ ಕೊರೋನಾ ಗನ್ನೇ ಬೇಕು. ಅಂದರೆ ನೀವು ಆರಿಸಿಕೊಂಡ ಪುಡಿ, ಆರಿಸಿಕೊಂಡ ವಿಧಾನ, ಎರಡೂ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗಿವೆ.

ಬೇಯಿಸುವ ಲೆಕ್ಕದಲ್ಲೂ ಒಂದು ತಪ್ಪು ಕಾಣುತ್ತಿದೆ. 200 ಡಿಗ್ರಿ ಸೆಲ್ಸಿಯಸ್, 10 ನಿಮಿಷ ಅಂತ ಪುಡಿ ಡಬ್ಬಿಯ ಮೇಲೆ ಬರೆದಿದ್ದರೆ ಅದು ಲೋಹದ ಶಾಖ, ಓವನ್ ಗಾಳಿಯದ್ದಲ್ಲ. ಗುಂಡು ಆ ಶಾಖಕ್ಕೆ ಬಂದ ಮೇಲೆ ಗಡಿಯಾರ ಶುರು. ತಟ್ಟೆ ತುಂಬಾ ಸೀಸ ತುಂಬಿದರೆ ಕಾಯಲು ಹೊತ್ತು ಬೇಕು.

ಈಗ ದಾರಿ ಹೇಳುತ್ತೇನೆ. ತಾಮ್ರದ ಚಕ್ಕೆ ಇರುವ ಪುಡಿಯನ್ನೇ ಬಿಡಿ. ನಿಜವಾದ ತಾಮ್ರದ ಚಕ್ಕೆ ಇದ್ದರೆ ಅದೂ ಗಾಳಿಗೆ ಕಪ್ಪಾಗುತ್ತದೆ, ಮೇಲೆ ಕ್ಲಿಯರ್ ಕೋಟ್ ಕೇಳುತ್ತದೆ. ಅದರ ಬದಲು ಪಾರದರ್ಶಕ ಪುಡಿ ತಗೊಳ್ಳಿ, ಕ್ಯಾಂಡಿ ಅಥವಾ ಟ್ರಾನ್ಸ್‌ಲೂಸೆಂಟ್ ಅಂತ ಬರೆದಿರುತ್ತದೆ. ಕಿತ್ತಳೆ ಕಡೆಗೋ ಕಂದು ಕಡೆಗೋ ಇರುವ ಬಣ್ಣ. ಅದರಲ್ಲಿ ಚಕ್ಕೆ ಇಲ್ಲ, ನಿಮ್ಮ ಕೆಂಪಿನ ಹಾಗೇ ಡಬ್ಬಿಯಲ್ಲಿ ಅಂಟುವ ಸಾಧ್ಯತೆ ಜಾಸ್ತಿ. ಕೆಳಗಿನ ಲೋಹದ ಹೊಳಪೇ ಮಿಂಚು ಕೊಡುತ್ತದೆ. ನಾವು ಕೆಳಗೆ ಸಿಲ್ವರ್ ಬೇಸ್ ಹೊಡೆಯುತ್ತೇವೆ. ನಿಮಗೆ ಹೊಸದಾಗಿ ಎರಕ ಹೊಯ್ದ ಸೀಸವೇ ಬೆಳ್ಳಿ ಹಾಗೆ ಇರುತ್ತದಲ್ಲಾ?

---

ಗ್ಯಾರೇಜ್‌ಗೌಡ

ಭಟ್ಟರೇ, ಹುರಿಗಡಲೆ ಅಂದಿರಿ ನೋಡಿ, ಅಲ್ಲಿಗೆ ತಲೆಗೆ ಹೊಕ್ಕಿತು. ಡಬ್ಬಿಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಗೋಲಿಗಳನ್ನು ತೆಗೆದ ಮೇಲೆ ತಳದಲ್ಲಿ ಮಿಂಚು ಬೇರೆ, ಕಂದು ಪುಡಿ ಬೇರೆ, ರಂಗೋಲಿಯ ಎರಡು ಬಣ್ಣದ ಹಾಗೆ ಬಿದ್ದಿದೆ.

ಥರ್ಮಾಮೀಟರ್ ತಂದೆ. ಡಯಲ್ 400 ಅಂದಾಗ ಮುಂದಿನ ಸಾಲಿನಲ್ಲಿ 345 ಫ್ಯಾರನ್‌ಹೀಟ್, ಅಂದರೆ 174 ಸೆಲ್ಸಿಯಸ್. ಹಿಂದಿನ ಸಾಲು ಕಾಯಿಲ್‌ಗೆ ಅಂಟಿಕೊಂಡಿದೆ, ಅಲ್ಲಿ ಥರ್ಮಾಮೀಟರ್ ಮುಳ್ಳು 470 ದಾಟಿತು. ಅಪ್ಪಟ ಸೀಸ ಕರಗುವುದು 327 ಸೆಲ್ಸಿಯಸ್‌ಗೆ, ಹಾಗಾದರೆ ಇವು ಯಾಕೆ ಕುಸಿದವು ಅಂತ ಯೋಚಿಸುತ್ತಿದ್ದೆ. ವೀಲ್ ವೇಟ್‌ನಲ್ಲಿ ಆಂಟಿಮನಿ, ಸ್ವಲ್ಪ ತವರ ಇರುತ್ತದಲ್ಲಾ, ಆ ಮಿಶ್ರಣ 240-250 ಸೆಲ್ಸಿಯಸ್‌ಗೇ ಮೆತ್ತಗಾಗಲು ಶುರುವಾಗುತ್ತದೆ. 470 ಫ್ಯಾರನ್‌ಹೀಟ್ ಅಂದರೆ 243. ಅಲ್ಲಿಗೆ ಲೆಕ್ಕ ಚುಕ್ತಾ. ಒಂದೇ ತಟ್ಟೆಯಲ್ಲಿ ಮುಂದಿನ ಸಾಲು ಹಸಿ, ಹಿಂದಿನ ಸಾಲು ಪಾಯಸ.

ಪಾರದರ್ಶಕ ಪುಡಿ ಆರ್ಡರ್ ಮಾಡಿದ್ದೇನೆ. ಈ ಸಲ ಬಿಸಿ, ಹೊತ್ತು ಎರಡೂ ಬರೆದಿರುವ ಕಡೆಯಿಂದ.

---

ಬೇ_ಏರಿಯಾ_ಅಕ್ಕ, ಕ್ಯಾಲಿಫೋರ್ನಿಯಾ

ನಾನು ಕೇಳುವುದು ಎರಡೇ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ? ಮತ್ತೆ ಈ ತಾಮ್ರದ ಬಣ್ಣ ನೋಡಿ ಯಾರಾದರೂ ಮೋಸ ಹೋಗುತ್ತಾರಾ?

ಸೀಸದ ಹೊಗೆಗಿಂತ ಜಾಸ್ತಿ ಅಪಾಯ ಧೂಳಿನದ್ದು. ಸೀಸ ಕರಗಿಸುವ ಪಾತ್ರೆಯ ಮೇಲೆ ಕೆನೆ ಕಟ್ಟುವ ಬೂದಿ, ಅದು ಬೆರಳಿಗೆ, ಬೆರಳಿನಿಂದ ಬಾಯಿಗೆ, ಚಪ್ಪಲಿಯಿಂದ ಕಾರ್ಪೆಟ್‌ಗೆ. 2021ರಲ್ಲಿ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿಯವರು ಮಕ್ಕಳ ರಕ್ತದಲ್ಲಿ ಸೀಸ ಜಾಸ್ತಿ ಅಂತ ಗುರುತಿಸುವ ಮಟ್ಟವನ್ನು ಡೆಸಿಲೀಟರ್‌ಗೆ 3.5 ಮೈಕ್ರೊಗ್ರಾಂಗೆ ಇಳಿಸಿದರು, ಅದಕ್ಕೆ ಮೊದಲು 5 ಇತ್ತು. ಆ ಟೋಸ್ಟರ್ ಓವನ್ ಯಾವತ್ತೂ ಅಡುಗೆಮನೆ ಕಡೆ ತಲೆ ಹಾಕಬಾರದು.

ಎರಡನೆಯದು. ತಾಮ್ರದ ಬಣ್ಣ ಬಳಿದರೆ ಸೀಸ ತಾಮ್ರ ಆಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ಕಾಂಡೋರ್ ರಣಹದ್ದುಗಳು ಗುಂಡಿನ ಚೂರಿರುವ ಮಾಂಸ ತಿಂದು ಸಾಯುತ್ತಿದ್ದವು ಅಂತ ತಂದ ಕಾನೂನು. ಮೇಲೆ ಪ್ಲಾಸ್ಟಿಕ್ ಲೇಪ ಇದ್ದರೂ ಅದು ಸೀಸವೇ. ನಮ್ಮ ಯಜಮಾನರ ಗೆಳೆಯರೊಬ್ಬರು "ಕೋಟೆಡ್ ಅಲ್ವಾ, ನಡೆಯುತ್ತೆ" ಅಂದುಕೊಂಡಿದ್ದರು. ಪುಣ್ಯಕ್ಕೆ ಮನೆ ಬಿಡುವ ಮೊದಲೇ ಯಾರೋ ಹೇಳಿದರು.

---

ಗ್ಯಾರೇಜ್‌ಗೌಡ

ಅಕ್ಕಾ, ಮಗಳಿಗೆ ಒಂಬತ್ತು. ಅವಳು ಗ್ಯಾರೇಜ್‌ನ ಆ ಮೂಲೆಗೆ ಬರುವ ಹಾಗಿಲ್ಲ. ಓವನ್ ಮೇಲೆ ನನ್ನ ಹೆಂಡತಿ ಕೆಂಪು ಮಾರ್ಕರ್‌ನಲ್ಲಿ "ಸೀಸ. ಮುಟ್ಟಿದರೆ ಊಟ ಇಲ್ಲ" ಅಂತ ದೊಡ್ಡದಾಗಿ ಕನ್ನಡದಲ್ಲೇ ಬರೆದಿದ್ದಾಳೆ. ಊಟ ಇಲ್ಲ ಅಂದಿರುವುದು ನನಗೆ. ಎರಕದ ಚಪ್ಪಲಿ, ಎರಕದ ಅಂಗಿ ಬೇರೆ. ಒಳಗೆ ಬರುವ ಮುಂಚೆ ಹೊರಗಿನ ನಲ್ಲಿಯಲ್ಲಿ ಸೋಪು ಹಚ್ಚಿ ಕೈ ತೊಳೆಯಬೇಕು, ಅದೂ ಅವಳು ಕಿಟಕಿಯಿಂದ ನೋಡುತ್ತಿರುವಾಗ. ನಾನು ವರ್ಷಕ್ಕೊಂದು ಸಲ ರಕ್ತ ಪರೀಕ್ಷೆ ಮಾಡಿಸುತ್ತೇನೆ.

ಬಣ್ಣದ ವಿಷಯಕ್ಕೆ ನೀವು ಹೇಳಿದ್ದು ನನಗೆ ಸ್ವಲ್ಪ ಚುಚ್ಚಿತು. ಒಂದು ಒಳಾಂಗಣ ರೇಂಜ್‌ನಲ್ಲಿ ಬರೀ ಸೀಸದ ಗುಂಡಿಗೆ ಬಿಡುವುದಿಲ್ಲ. ಇದು ತಾಮ್ರದ ಹಾಗೆ ಕಂಡರೆ ಯಾರೂ ಕೇಳುವುದಿಲ್ಲವಲ್ಲಾ ಅಂತ ಮನಸ್ಸಿನ ಮೂಲೆಯಲ್ಲಿ ಇತ್ತು, ಸುಳ್ಳು ಯಾಕೆ ಹೇಳಲಿ. ಮೊನ್ನೆ ಕೌಂಟರ್‌ನಲ್ಲಿ ನಾನೇ ಒಂದು ಗುಂಡು ಇಟ್ಟು ಹೇಳಿದೆ. ಆತ ಉಗುರಿನಲ್ಲಿ ಕೆರೆದು ನೋಡಿ, ಕೋಟೆಡ್ ಆದರೆ ಪರವಾಗಿಲ್ಲ, ಬರೀ ಸೀಸ ಬೇಡ ಅಂದ. ಕೇಳಿದ್ದು ಒಳ್ಳೆಯದೇ ಆಯಿತು.

---

ಗ್ಯಾರೇಜ್‌ಗೌಡ, ಮೂರು ವಾರದ ನಂತರ

ವರದಿ ಒಪ್ಪಿಸುತ್ತೇನೆ.

ಗುಂಡು ಎರಕ ಹೊಯ್ದ ಸಂಜೆಯೇ ಕೋಟ್ ಮಾಡಿದೆ, ಹೊಳಪು ಮಂಕಾಗುವ ಮುಂಚೆ. ಹಿಂದಿನ ವಾರದ ಕೆಲವನ್ನೂ ಜೊತೆಗೆ ಹಾಕಿ ನೋಡಿದೆ, ಹೋಲಿಸಲು. ಡಬ್ಬಿ ಹೊಸದು, ಗೋಲಿ ಹೊಸದು. ಹಳೆಯ ಗೋಲಿಯಲ್ಲಿ ಆ ಮಿಂಚು ಎಷ್ಟು ತೊಳೆದರೂ ಹೋಗಲಿಲ್ಲ. ಹೊರಗೆ ತೇವ ಕಡಿಮೆ ಇದ್ದ ದಿನ ನೋಡಿ, ಮಧ್ಯಾಹ್ನ ಮೂರಕ್ಕೆ. ಓವನ್‌ನ ಹಿಂದಿನ ಅರ್ಧಕ್ಕೆ ಏನೂ ಇಡಲಿಲ್ಲ, ಕಾಯಿಲ್ ಎದುರಿಗೆ ಒಂದು ತಗಡು ಅಡ್ಡ ನಿಲ್ಲಿಸಿದೆ. ಡಯಲ್ 450ರ ಹತ್ತಿರ ಇಟ್ಟರೆ ಗುಂಡಿನ ಪಕ್ಕ 400 ಬರುತ್ತದೆ. ಮುಳ್ಳು 400 ಮುಟ್ಟಿದ ಮೇಲೆ 20 ನಿಮಿಷ.

ಹೊಸ ಎರಕದವು ಬಂದ ಬಣ್ಣ ಹೇಗೆ ಹೇಳಲಿ. ಹಬ್ಬದ ಹಿಂದಿನ ದಿನ ಅಮ್ಮ ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ನೀರು ಹುಯ್ದು ಇಟ್ಟಾಗ ಒದ್ದೆ ಚೊಂಬು ಒಂದು ಕಡೆ ಮಾತ್ರ ಕೆಂಪಗೆ ಹೊಳೆಯುತ್ತದಲ್ಲಾ, ಹಾಗೆ. ಅಂಗಡಿ ಗುಂಡಿನ ಹಾಗಿಲ್ಲ. ಅದಕ್ಕಿಂತ ಕೆಂಪು, ಸ್ವಲ್ಪ ಗಾಜಿನ ಹಾಗೆ. ಹಿಂದಿನ ವಾರದ ಗುಂಡುಗಳು ಮಾತ್ರ ಕಾಫಿ ಡಿಕಾಕ್ಷನ್. ಕೆಳಗಿನ ಸೀಸ ಕಪ್ಪಾಗಿತ್ತು, ಅದೇ ಮೇಲೆ ಕಂಡಿತು.

ನೂರರಲ್ಲಿ 31 ಗುಂಡಿಗೆ ಬುಡದಲ್ಲಿ ಬೋಳು ಚುಕ್ಕೆ ಇತ್ತು, ಅವಕ್ಕೆ ಎರಡನೇ ಸಲ ತೆಳುವಾಗಿ ಕೊಟ್ಟೆ. ಎರಡು ಕೋಟ್ ಆದವು ಇನ್ನೂ ಗಾಢ, ಪಕ್ಕಪಕ್ಕ ಇಟ್ಟರೆ ಎರಡು ಊರಿನವು ಅನ್ನಿಸುತ್ತದೆ. ಅಸಿಟೋನ್ ಬಟ್ಟೆ ಬೆಳ್ಳಗೇ ಉಳಿಯಿತು. ಸುತ್ತಿಗೆಯಲ್ಲಿ ಮೂರು ಗುಂಡು ಚಪಾತಿ ಮಾಡಿದೆ, ಚಕ್ಕೆ ಏಳಲಿಲ್ಲ. ಅಳತೆ 0.358 ಇಂಚಿಗೆ ಏರಿತ್ತು, ಸೈಜಿಂಗ್ ಡೈಯಲ್ಲಿ ತಳ್ಳಿ 0.356ಕ್ಕೆ ಇಳಿಸಿದೆ. ಡೈ ಒಳಗೆ ಬಣ್ಣ ಉಜ್ಜಿಕೊಂಡು ಇನ್ನೂ ಹೊಳಪು ಬಂತು, ಇದು ನಾನು ಎಣಿಸಿರಲಿಲ್ಲ. ಎಲ್ಲವನ್ನೂ ಪಿಸ್ತೂಲಿನಿಂದ ಬಿಚ್ಚಿದ ಬ್ಯಾರಲ್‌ಗೆ ಬಿಟ್ಟು ಸಲೀಸಾಗಿ ಕೂರುತ್ತವಾ ಅಂತ ನೋಡುವ ಪರೀಕ್ಷೆ ಬಾಕಿ ಇದೆ, ಶನಿವಾರಕ್ಕೆ.

ಹೆಂಡತಿಗೆ ತೋರಿಸಿದೆ, ಚೀಲದ ಒಳಗಿಂದಲೇ. "ಮೊದಲಿನ ಕುಂಕುಮವೇ ಚೆನ್ನಾಗಿತ್ತು" ಅಂದಳು.

---

ಪುಡಿಭಟ್ಟ

ಬುಡದ ಬೋಳು ಚುಕ್ಕೆ ಚಿಮಟ ಹಿಡಿದ ಕಡೆ ಇರಬೇಕು ನೋಡಿ. ಮುಂದಿನ ಸಲ ಚಿಮಟ ಬಿಟ್ಟು ಜರಡಿ ಮೇಲೆ ಸುರಿದು, ನಿಧಾನಕ್ಕೆ ಕುಲುಕಿ ತಟ್ಟೆಗೆ ಉರುಳಿಸಿ. ಉಳಿದ ಆ ಅರ್ಧ ಪೌಂಡ್ ಮಿಂಚು ಪುಡಿ ಎಸೆಯಬೇಡಿ. ಕರೆಂಟ್ ಗನ್ ಇರುವವರು ಸಿಕ್ಕಿದರೆ ಗೇಟಿಗೆ ಹೊಡೆಸಿ, ಅದಕ್ಕೆ ಸರಿಯಾಗುತ್ತದೆ.

---

ಕಾಫಿತೋಟ

ನಮ್ಮ ಗೇಟು ಇದೆ. ಕಳಿಸಿ.